ಪ್ಲಗ್ ಕಂಪ್ಯೂಟರ್

ಪ್ಲಗ್ ಕಂಪ್ಯೂಟರ್: ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿ ಹಗಲಿರುಳೂ ನಡೆಸಬಹುದಾದ, ಅತಿ ಕಡಿಮೆ ವಿದ್ಯುತ್ ಬೇಡುವ ಪುಟ್ಟ ಗಣಕ. ಪರದೆ, ಕೀಲಿಮಣೆ, ಮೌಸ್ ಯಾವುದೂ ಇದಕ್ಕಿಲ್ಲ. ಬಹುಪಾಲು ಮಾದರಿಗಳಲ್ಲಿ ಫ್ಯಾನ್ ಕೂಡ ಇರುವುದಿಲ್ಲ. ಕಡತಗಳನ್ನು ಕಾಪಿಡುವುದು, ಒಂದೇ ಪ್ರಿಂಟರನ್ನು ಹಲವರಿಗೆ ಹಂಚುವುದು, ಕ್ಯಾಮೆರಾ ದೃಶ್ಯಗಳನ್ನು ದಾಖಲಿಸುವುದು, ಶಾಲೆಯ ಮಕ್ಕಳಿಗೆ ಪುಸ್ತಕ, ವಿಡಿಯೊಗಳನ್ನು ವೈಫೈ ಮೂಲಕ ಒದಗಿಸುವುದು ಇದರ ಕೆಲಸ. ಬಳಸುವವರು ತಮ್ಮ ಫೋನಿನಿಂದಲೋ ಲ್ಯಾಪ್‌ಟಾಪಿನಿಂದಲೋ ಇದನ್ನು ತಲುಪುತ್ತಾರೆ. ವಿದ್ಯುತ್ ಬಳಕೆ ಸಾಮಾನ್ಯವಾಗಿ 2ರಿಂದ 10 ವ್ಯಾಟ್. ಪ್ರತ್ಯೇಕ ಅಡಾಪ್ಟರಿನಿಂದ ನಡೆಯುವ ರಾಸ್ಪ್‌ಬೆರಿ ಪೈನಂಥ ಒಂಟಿ ಬೋರ್ಡಿನ ಗಣಕಗಳನ್ನೂ ಇಂದು ಇದೇ ಕೆಲಸಕ್ಕೆ ಬಳಸುವುದರಿಂದ ಅವೂ ಇಲ್ಲಿ ಸೇರುತ್ತವೆ.

ಇಂಥ ಯಂತ್ರದ ಗುಣದೋಷಗಳನ್ನು ನಗರದ ಮೇಜಿನ ಮೇಲಿಟ್ಟು ಅಳೆದರೆ ಅರ್ಧ ಮಾತ್ರ ತಿಳಿಯುತ್ತದೆ. ಉಳಿದರ್ಧ ತಿಳಿಯಲು ಶನಿವಾರಸಂತೆಯಂಥ ಊರನ್ನು ಎದುರಿಗಿಟ್ಟುಕೊಳ್ಳಬೇಕು. ಕೊಡಗಿನ ಉತ್ತರ ಭಾಗದಲ್ಲಿ, ಸೋಮವಾರಪೇಟೆ ತಾಲ್ಲೂಕಿನಲ್ಲಿ, ಹಾಸನ ಜಿಲ್ಲೆಯ ಗಡಿಗೆ ಹತ್ತಿರವಿರುವ ಹೋಬಳಿ ಕೇಂದ್ರ ಇದು. ಸುತ್ತ ಕಾಫಿ, ಮೆಣಸು, ಶುಂಠಿ, ಗದ್ದೆ. ಕರೆಂಟು ಬರುವುದು ಮೈಸೂರು ಕೇಂದ್ರವಾಗಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಿಂದ; ಜನರ ಬಾಯಲ್ಲಿ ಅದು ಸೆಸ್ಕ್. ಲೈನುಗಳು ತೋಟಗಳ ನಡುವೆ, ಸಿಲ್ವರ್ ಓಕ್ ಮರಗಳ ಮಗ್ಗುಲಲ್ಲೇ ಹಾದುಹೋಗುತ್ತವೆ. ಜೂನ್ ಬಂದು ಗಾಳಿಮಳೆ ಹಿಡಿದರೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಲೈನ್‌ಮನ್ ಮಳೆಯಲ್ಲೇ ನಡೆದು ಎಲ್ಲಿ ಫಾಲ್ಟ್ ಎಂದು ಹುಡುಕಬೇಕಾಗುತ್ತದೆ. ಕರೆಂಟು ಗಂಟೆಗಟ್ಟಲೆ ಹೋಗುವುದು ವಾಡಿಕೆ, ದಿನಗಟ್ಟಲೆ ಹೋಗುವುದೂ ಉಂಟು. ಇಲ್ಲಿ ಕಡಿಮೆ ವ್ಯಾಟಿನ ಬೆಲೆಯನ್ನು ಬಿಲ್ಲಿನ ಉಳಿತಾಯದಲ್ಲಿ ಎಣಿಸಿದರೆ ಸಾಲದು. ಕತ್ತಲಾದ ಮೇಲೂ ಯಂತ್ರ ಎಷ್ಟು ಗಂಟೆ ಬದುಕಿರುತ್ತದೆ ಎಂದು ಎಣಿಸಬೇಕು.

ಹುಟ್ಟು ಮತ್ತು ಬೆಳವಣಿಗೆ

ಈ ಜಾತಿಯ ಹಿರಿಯಣ್ಣ 2004ರಲ್ಲಿ ಬಂದ ಲಿಂಕ್‌ಸಿಸ್ ಕಂಪನಿಯ ಎನ್‌ಎಸ್‌ಎಲ್‌ಯು2. ಯುಎಸ್‌ಬಿ ಡಿಸ್ಕನ್ನು ನೆಟ್‌ವರ್ಕಿಗೆ ಜೋಡಿಸುವುದಷ್ಟೇ ಅದರ ಘೋಷಿತ ಕೆಲಸವಾಗಿತ್ತು. ಒಳಗೆ ಇದ್ದದ್ದು 32 ಎಂಬಿ ಮೆಮೊರಿ, 8 ಎಂಬಿ ಫ್ಲ್ಯಾಶ್. ಹವ್ಯಾಸಿಗಳು ಅದರಲ್ಲಿ ಪೂರ್ಣ ಪ್ರಮಾಣದ ಲಿನಕ್ಸ್ ಹಾಕಿ, ಇಷ್ಟು ಚಿಕ್ಕ ಡಬ್ಬಿಯೂ ಸರ್ವರ್ ಆಗಬಲ್ಲದೆಂದು ತೋರಿಸಿಕೊಟ್ಟರು.

ಪ್ಲಗ್ ಕಂಪ್ಯೂಟರ್ ಎಂಬ ಹೆಸರು ಬಳಕೆಗೆ ಬಂದದ್ದು 2009ರ ಫೆಬ್ರವರಿಯಲ್ಲಿ, ಮಾರ್ವೆಲ್ ಕಂಪನಿ ಶೀವಾಪ್ಲಗ್ ಎಂಬ ಮಾದರಿಯನ್ನು ಹೊರತಂದಾಗ. 99 ಡಾಲರ್ ಬೆಲೆಯ ಆ ಡಬ್ಬಿಯಲ್ಲಿ 1.2 ಗಿಗಾಹರ್ಟ್ಸ್ ವೇಗದ ಕಿರ್ಕ್‌ವುಡ್ ಚಿಪ್, 512 ಎಂಬಿ ಮೆಮೊರಿ, 512 ಎಂಬಿ ಫ್ಲ್ಯಾಶ್, ಒಂದು ಗಿಗಾಬಿಟ್ ಈಥರ್ನೆಟ್, ಒಂದು ಯುಎಸ್‌ಬಿ ಇದ್ದವು. ಸುಮ್ಮನಿರುವಾಗ ಸುಮಾರು 2.3 ವ್ಯಾಟ್, ದುಡಿಯುವಾಗ ಸುಮಾರು 7 ವ್ಯಾಟ್. ಮರುವರ್ಷ ಬಂದ ಗುರುಪ್ಲಗ್‌ನಲ್ಲಿ ವೈಫೈ ಸೇರಿತು, ದುಬಾರಿ ಮಾದರಿಯಲ್ಲಿ ಎರಡು ಗಿಗಾಬಿಟ್ ಪೋರ್ಟುಗಳು ಬಂದವು. ಡಬ್ಬಿ ಮಾತ್ರ ಹಾಗೇ ಉಳಿಯಿತು. ಹುಟ್ಟಿದ ಬಿಸಿ ಹೊರಹೋಗದೆ ಯಂತ್ರಗಳು ತೊಂದರೆ ಕೊಟ್ಟವು, ಕೊನೆಗೆ ಫ್ಯಾನ್ ಸೇರಿಸಬೇಕಾಯಿತು. ಇದರಿಂದ ಪಾಠ ಕಲಿತವರಂತೆ 2011ರ ಡ್ರೀಮ್‌ಪ್ಲಗ್‌ನಲ್ಲಿ ಪವರ್ ಸಪ್ಲೈಯನ್ನು ಬಿಚ್ಚಿ ಬೇರೆ ಮಾಡುವಂತೆ ರೂಪಿಸಿದರು.

ಅದೇ ಹೊತ್ತಿಗೆ, 2010ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಎಬೆನ್ ಮಾಗ್ಲೆನ್ ನ್ಯೂಯಾರ್ಕಿನ ಭಾಷಣವೊಂದರಲ್ಲಿ, ಜನರ ಪತ್ರ, ಚಿತ್ರ, ಮಾತುಕತೆಗಳೆಲ್ಲ ದೊಡ್ಡ ಕಂಪನಿಗಳ ಉಗ್ರಾಣ ಸೇರುವ ಬದಲು ಅವರವರ ಮನೆಯ ಗೋಡೆಯಲ್ಲೇ ಇರಲಿ ಎಂದು ವಾದಿಸಿದರು. ಫ್ರೀಡಂಬಾಕ್ಸ್ ಯೋಜನೆ ಹುಟ್ಟಿದ್ದು ಅಲ್ಲಿಂದ. ಅದರ ಮೊದಲ ಗುರಿಯಂತ್ರ ಡ್ರೀಮ್‌ಪ್ಲಗ್. 2012ರ ಫೆಬ್ರವರಿ 29ರಂದು 35 ಡಾಲರಿನ ರಾಸ್ಪ್‌ಬೆರಿ ಪೈ ಮಾರುಕಟ್ಟೆಗೆ ಬಂದ ಮೇಲೆ ಗೋಡೆಗೆ ಅಂಟುವ ಡಬ್ಬಿಗಳ ಕಾಲ ಮುಗಿಯುತ್ತ ಬಂತು. ಅವುಗಳ ಕೆಲಸ ಮಾತ್ರ ಹೊಸ ಬೋರ್ಡುಗಳ ಮೇಲೆ ಮುಂದುವರಿದಿದೆ.

ಕರ್ನಾಟಕದ ಪೂರ್ವಜ: ಸಿಂಪ್ಯೂಟರ್

ಈ ಎಲ್ಲಕ್ಕೂ ಮುಂಚೆ ಬೆಂಗಳೂರಿನಲ್ಲಿ ಇದೇ ಪ್ರಶ್ನೆಗಳಿಗೆ ಮುಖಾಮುಖಿಯಾದ ಒಂದು ತಂಡವಿತ್ತು. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನ ಮೇಳದ ಅಂಗವಾಗಿ, ಅಭಿವೃದ್ಧಿಶೀಲ ದೇಶಗಳಿಗೆ ಬೇಕಾದ ಗಣಕ ಯಾವುದು ಎಂಬ ಚರ್ಚೆ ಏರ್ಪಟ್ಟಿತು. ಆ ಚರ್ಚೆಯ ಬೆನ್ನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮುಂತಾದವರು ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು: ಅಂಗೈ ಮೇಲೆ ಹಿಡಿಯುವ ಯಂತ್ರ, 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್, ಲಿನಕ್ಸ್, 320 ಗುಣಿಸು 240 ಚುಕ್ಕೆಗಳ ಕಪ್ಪುಬಿಳುಪು ಪರದೆ, ಮೂರು ಚಿಕ್ಕ ಸೆಲ್‌ಗಳು.

ಪ್ರತಿಯೊಂದು ಆಯ್ಕೆಯಲ್ಲೂ ಅವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ಕಾಣುತ್ತದೆ. ಬಣ್ಣದ ಪರದೆ ಬಿಟ್ಟದ್ದು ಸೆಲ್ ಬಾಳಲೆಂದು. ಒಬ್ಬೊಬ್ಬರಿಗೂ ಒಂದು ಯಂತ್ರ ಕೊಡುವ ಆಸೆ ಬಿಟ್ಟು, ಊರಿಗೊಂದು ಯಂತ್ರ, ತಲೆಗೊಂದು ಸ್ಮಾರ್ಟ್‌ಕಾರ್ಡ್ ಎಂಬ ಏರ್ಪಾಟು ಮಾಡಿದರು. ತನ್ನ ಮಾಹಿತಿ ಕಾರ್ಡಿನಲ್ಲಿ, ಯಂತ್ರ ಎಲ್ಲರದು. ಓದು ಬಾರದವರಿಗಾಗಿ ಬರಹವನ್ನು ಉಲಿಯುವ ತಂತ್ರಾಂಶ ಬೇಕಾಯಿತು. ಆ ಚಿಪ್‌ನಲ್ಲಿ ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕವಿರಲಿಲ್ಲ. ಅಂಥ ಬಡ ಯಂತ್ರದ ಮೇಲೂ ಓಡುವಂತೆ, ಮೊದಲೇ ಧ್ವನಿಮುದ್ರಿಸಿದ ತುಣುಕುಗಳನ್ನು ಪೋಣಿಸಿ ಮಾತಾಡುವ 'ಧ್ವನಿ' ಎಂಬ ತಂತ್ರಾಂಶವನ್ನು ರಮೇಶ್ ಹರಿಹರನ್ ಅವರ ಮುಂದಾಳ್ತನದಲ್ಲಿ ರೂಪಿಸಿದರು. ಕನ್ನಡವೂ ಅದರ ಭಾಷೆಗಳಲ್ಲೊಂದು. ಅದು ಮುಕ್ತ ತಂತ್ರಾಂಶವಾಗಿ ಸಿಂಪ್ಯೂಟರಿಗಿಂತ ಹೆಚ್ಚು ಕಾಲ ಬಾಳಿತು.

2004ರ ಮಾರ್ಚ್‌ನಲ್ಲಿ ಪಿಕೋಪೀಟಾ ಸಂಸ್ಥೆ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಅಮಿಡಾ ಸಿಂಪ್ಯೂಟರನ್ನು ಸುಮಾರು ಹತ್ತು ಸಾವಿರ ರೂಪಾಯಿಯಿಂದ ಮಾರಾಟಕ್ಕಿಟ್ಟವು. ಕರ್ನಾಟಕ ಸರ್ಕಾರ ಭೂಮಿ ಯೋಜನೆಯ ಜಮೀನು ದಾಖಲೆಗಳ ಕೆಲಸಕ್ಕೆ ಸಿಂಪ್ಯೂಟರುಗಳನ್ನು ಬಳಸಿತು. ಆದರೂ 50,000ದ ನಿರೀಕ್ಷೆಯಿದ್ದಲ್ಲಿ ಮಾರಾಟವಾದದ್ದು 4,000ದ ಆಸುಪಾಸು. ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಹಳ್ಳಿಗೂ ನುಗ್ಗಿದ್ದು ಒಂದು ಕಾರಣ. ಚಿಕ್ಕ ಸಂಖ್ಯೆಯಲ್ಲಿ ತಯಾರಿಸಿದ ಯಂತ್ರ ಅಗ್ಗವಾಗಲಾರದೆಂಬುದು ಇನ್ನೊಂದು. ಈ ಎರಡನೆಯದು ಪ್ಲಗ್ ಕಂಪ್ಯೂಟರಿಗೂ ಅಂಟಿದ ಶಾಪ. ಸಿಂಪ್ಯೂಟರನ್ನು ಸೋತ ಯಂತ್ರವೆಂದು ಬದಿಗೆ ಸರಿಸುವುದು ಅನ್ಯಾಯ. ಹಳ್ಳಿಯ ಕರೆಂಟು, ಹಳ್ಳಿಯ ಭಾಷೆ, ಹಳ್ಳಿಯ ಕಿಸೆ ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡು ಗಣಕ ಕಟ್ಟಲು ಹೊರಟವರು ಪ್ರಪಂಚದಲ್ಲಿ ಆಗ ಬಹಳ ಮಂದಿ ಇರಲಿಲ್ಲ.

ವ್ಯಾಟಿನ ಲೆಕ್ಕ

ಚಿಪ್ ನುಂಗುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆಯೂ, ಅದಕ್ಕೆ ಕೊಡುವ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ತಗ್ಗಿಸಿದರೆ ವೋಲ್ಟೇಜನ್ನೂ ತಗ್ಗಿಸಲು ಸಾಧ್ಯವಾಗುವುದರಿಂದ ಉಳಿತಾಯ ವೇಗದ ಇಳಿಕೆಯನ್ನೂ ಮೀರುತ್ತದೆ. ಪುಟ್ಟ ಗಣಕಗಳು ಬದುಕಿರುವುದೇ ಈ ಸೂತ್ರದ ಮೇಲೆ. 80 ವ್ಯಾಟಿನ ಹಳೆಯ ಡೆಸ್ಕ್‌ಟಾಪನ್ನು ತಿಂಗಳಿಡೀ ಆರಿಸದೆ ಇಟ್ಟರೆ 57.6 ಯೂನಿಟ್ ಆಗುತ್ತದೆ, 5 ವ್ಯಾಟಿನ ಯಂತ್ರಕ್ಕೆ 3.6 ಯೂನಿಟ್ ಸಾಕು.

ಆದರೆ ಶನಿವಾರಸಂತೆಯ ಮನೆಯಲ್ಲೋ ಅಂಗಡಿಯಲ್ಲೋ ಕರೆಂಟು ಹೋದ ಮೇಲೆ ಈ ಯಂತ್ರವನ್ನು ನಡೆಸುವುದು ಇನ್ವರ್ಟರ್. ಇನ್ವರ್ಟರ್ ತನ್ನಷ್ಟಕ್ಕೆ ತಾನೇ, ಏನನ್ನೂ ನಡೆಸದಿದ್ದರೂ, 10ರಿಂದ 20 ವ್ಯಾಟ್ ತಿನ್ನುವುದುಂಟು. ಬ್ಯಾಟರಿಯ 12 ವೋಲ್ಟನ್ನು 230 ವೋಲ್ಟಿಗೆ ಏರಿಸುವುದು, ಅಡಾಪ್ಟರಿನಲ್ಲಿ ಅದನ್ನು ಮತ್ತೆ 5 ವೋಲ್ಟಿಗೆ ಇಳಿಸುವುದು. ಏರಿಳಿತದಲ್ಲಿ ಪೋಲಾಗುವುದೇ ಕೆಲಸಕ್ಕೆ ಬರುವುದಕ್ಕಿಂತ ಹೆಚ್ಚು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಿಂದ 1,200 ವ್ಯಾಟ್-ಗಂಟೆ ಸುರಕ್ಷಿತವಾಗಿ ತೆಗೆಯಬಹುದೆಂದು ಇಟ್ಟುಕೊಳ್ಳಿ. ಇನ್ವರ್ಟರಿನ 15, ಗಣಕದ 5, ಒಟ್ಟು 20 ವ್ಯಾಟ್: 60 ಗಂಟೆ. ಅದೇ ಬ್ಯಾಟರಿಯಿಂದ ಒಂದು ಚಿಕ್ಕ ಕನ್ವರ್ಟರ್ ಮೂಲಕ ನೇರವಾಗಿ 5 ವೋಲ್ಟ್ ತೆಗೆದರೆ ನಷ್ಟವೆಲ್ಲ ಸೇರಿ 6 ವ್ಯಾಟ್: 200 ಗಂಟೆ. ಎರಡೂವರೆ ದಿನಕ್ಕೂ ಎಂಟು ದಿನಕ್ಕೂ ಇರುವ ಅಂತರ ಇದು. ಪ್ಲಗ್ ಕಂಪ್ಯೂಟರ್ ತಯಾರಕರು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವುದನ್ನೇ ದೊಡ್ಡ ಗುಣವಾಗಿ ಮಾರಿದರು. ಮಲೆನಾಡಿಗೆ ಬೇಕಾದದ್ದು 9ರಿಂದ 16 ವೋಲ್ಟಿನವರೆಗೆ ಯಾವುದನ್ನು ಕೊಟ್ಟರೂ ನಡೆಯುವ ನೇರ ವಿದ್ಯುತ್ತಿನ ಕಿಂಡಿ. ಬ್ಯಾಟರಿ ಚಾರ್ಜಾಗುವಾಗ ಅದರ ವೋಲ್ಟೇಜು 14 ದಾಟುವುದರಿಂದ ಬರೀ 12 ವೋಲ್ಟಿಗೆಂದು ಮಾಡಿದ ಅಗ್ಗದ ಕನ್ವರ್ಟರ್ ಸುಟ್ಟುಹೋದೀತು. ಬ್ಯಾಟರಿಯ ತುದಿಯಲ್ಲೇ ಫ್ಯೂಸ್ ಹಾಕದೆ ವೈರ್ ಎಳೆಯುವುದಂತೂ ಬೆಂಕಿಗೆ ಆಹ್ವಾನ.

ಇನ್ನೊಂದು ಸಣ್ಣ ಸಂಗತಿ ಬಹಳ ಜನರನ್ನು ಗೋಳಾಡಿಸಿದೆ. ರಾಸ್ಪ್‌ಬೆರಿ ಪೈ ತನಗೆ ಬರುವ ವೋಲ್ಟೇಜು ಸುಮಾರು 4.63ಕ್ಕಿಂತ ಕೆಳಗಿಳಿದರೆ ಎಚ್ಚರಿಕೆ ಕೊಡುತ್ತದೆ. ಅಂಗಡಿಯ ತೆಳ್ಳನೆಯ ಚಾರ್ಜಿಂಗ್ ಕೇಬಲ್ಲಿನ ಹೋಗಿಬರುವ ರೋಧ 0.2 ಓಮ್ ಇದ್ದು, ಗಣಕ ಮತ್ತು ಅದಕ್ಕೆ ಅಂಟಿದ ಡಿಸ್ಕು 2 ಆಂಪಿಯರ್ ಎಳೆದರೆ 0.4 ವೋಲ್ಟ್ ದಾರಿಯಲ್ಲೇ ಕಳೆದು, 5 ವೋಲ್ಟು 4.6 ಆಗಿ ತಲುಪುತ್ತದೆ. ಯಂತ್ರ ಆಗಾಗ ತಾನಾಗಿ ರೀಸ್ಟಾರ್ಟ್ ಆಗುತ್ತದೆ, ಜನ ಸಾಫ್ಟ್‌ವೇರನ್ನು ಬೈಯುತ್ತಾರೆ. ಪೈ ಜೊತೆಗೆ ಮಾರುವ ಅಧಿಕೃತ ಅಡಾಪ್ಟರು 5.1 ವೋಲ್ಟ್ ಕೊಡುವುದು ಈ ಕೊರತೆಯನ್ನು ತುಂಬಲೆಂದೇ.

ಬಿಸಿ, ತೇವ, ಸಿಡಿಲು

ಶೀವಾಪ್ಲಗ್‌ನಂಥ ಡಬ್ಬಿಯನ್ನು ಬಿಚ್ಚಿದರೆ ಎರಡು ಲೋಕ ಕಾಣುತ್ತದೆ. ಒಂದು ಬದಿಯಲ್ಲಿ 230 ವೋಲ್ಟನ್ನು ಇಳಿಸುವ ಪವರ್ ಸಪ್ಲೈ: ಪುಟ್ಟ ಟ್ರಾನ್ಸ್‌ಫಾರ್ಮರ್, ಸಿಲಿಂಡರಿನಾಕಾರದ ಕೆಪಾಸಿಟರುಗಳು. ಇನ್ನೊಂದು ಬದಿಯಲ್ಲಿ ಗಣಕದ ಬೋರ್ಡು. ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ಚಿಪ್ಪಿಗೆ 70 ಡಿಗ್ರಿ ಸೆಲ್ಸಿಯಸ್ ಏನೂ ಅಲ್ಲ. ಆದರೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕಿಳಿಯುತ್ತದೆಂಬುದು ಇಂಜಿನಿಯರುಗಳ ಲೆಕ್ಕ. ಶೀವಾಪ್ಲಗ್‌ಗಳಲ್ಲಿ ಗಣಕ ಚೆನ್ನಾಗಿದ್ದು ಪವರ್ ಸಪ್ಲೈ ಮೊದಲು ಸತ್ತದ್ದು ಹೀಗೆ. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟರೆ ಚೆಂದ, ಜಾಗವೂ ಉಳಿಯುತ್ತದೆ. ಬೇರೆಬೇರೆ ಇಟ್ಟರೆ ಸೋಮವಾರಪೇಟೆಯ ಮೊಬೈಲ್ ಅಂಗಡಿಯಲ್ಲಿ ಹೊಸ ಅಡಾಪ್ಟರ್ ಕೊಂಡು ಯಂತ್ರವನ್ನು ಬದುಕಿಸಬಹುದು. ರಿಪೇರಿಯವರು ದೂರವಿರುವ ಊರಿಗೆ ಎರಡನೆಯದೇ ಸರಿ.

ಫ್ಯಾನ್ ಇಲ್ಲದಿರುವುದು ಮಾತ್ರ ಎಲ್ಲ ಕಡೆಯೂ ಲಾಭ. ಕಾಫಿ ಒಣಗಿಸುವ ಕಣದ ಧೂಳು, ಮಳೆಗಾಲದ ಹುಳುಹುಪ್ಪಟೆ ಒಳಗೆ ಎಳೆದುಕೊಳ್ಳುವ ಫ್ಯಾನು ಕೊಡಗಿನಲ್ಲಿ ಹೆಚ್ಚು ದಿನ ತಿರುಗುವುದಿಲ್ಲ. ತೇವದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜುಲೈನಲ್ಲಿ ಬಟ್ಟೆಯೂ ಒಣಗದ, ಪುಸ್ತಕಕ್ಕೂ ಬೂಸ್ಟು ಹಿಡಿಯುವ ಗಾಳಿಯಲ್ಲಿ, ಸದಾ ಚಾಲೂ ಇರುವ 5 ವ್ಯಾಟಿನ ಯಂತ್ರ ತನ್ನ ಬೋರ್ಡನ್ನು ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ಬೆಚ್ಚಗೆ ಇಟ್ಟುಕೊಳ್ಳುವುದರಿಂದ ಅದರ ಮೇಲೆ ನೀರು ಕೂರುವುದಿಲ್ಲ. ಆರಿಸಿ ತಿಂಗಳಾನುಗಟ್ಟಲೆ ಬೀರುವಿನಲ್ಲಿಟ್ಟ ಯಂತ್ರದ ತಾಮ್ರದ ಗೆರೆಗಳು ಹಸಿರು ತಿರುಗುತ್ತವೆ. ಬಳಸದಿದ್ದರೂ ಮಳೆಗಾಲದಲ್ಲಿ ಚಾಲೂ ಇಡುವುದೇ ಲೇಸು.

ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಬೇರೆಯದೇ ಭಯ. ಟೆಲಿಫೋನಿನ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಸಿಡಿಲಿನ ಹೊಡೆತ ಮೋಡೆಮ್ಮಿಗೆ, ಅಲ್ಲಿಂದ ಈಥರ್ನೆಟ್ ವೈರಿಗುಂಟ ಗಣಕಕ್ಕೆ ಬರುತ್ತಿತ್ತು. ಆಪ್ಟಿಕಲ್ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಆ ದಾರಿ ಮುಚ್ಚಿತು. ಕರೆಂಟಿನ ಲೈನಿನ ದಾರಿ ತೆರೆದೇ ಇದೆ. ಸಿಡಿಲಿಗಿಂತ ಮೆಲ್ಲಗೆ ಕೊಲ್ಲುವುದು ಕಡಿದ ನ್ಯೂಟ್ರಲ್. ಕಂಬದಲ್ಲಿ ನ್ಯೂಟ್ರಲ್ ತಂತಿ ಕಳಚಿದರೆ ಎರಡು ಫೇಸ್‌ಗಳ ನಡುವಿನ 400 ವೋಲ್ಟು ಮನೆಗಳ ನಡುವೆ ಹೇಗೆಂದರೆ ಹಾಗೆ ಹಂಚಿಹೋಗುತ್ತದೆ. ಕೆಲವು ಮನೆಗಳಲ್ಲಿ ಬಲ್ಬು ಮಂಕಾದರೆ ಕೆಲವು ಮನೆಗಳಲ್ಲಿ ಉರಿದು ಹೋಗುತ್ತದೆ. 240 ವೋಲ್ಟಿಗೆಂದು ಮಾಡಿದ ಪುಟ್ಟ ಪವರ್ ಸಪ್ಲೈ ಇದನ್ನು ತಾಳದು. ಬ್ಯಾಟರಿಯಿಂದ ನೇರವಾಗಿ ನಡೆಸುವ ಏರ್ಪಾಟಿನಲ್ಲಿ ಚಾರ್ಜರ್ ಸುಟ್ಟರೂ ಗಣಕ ಉಳಿಯುವ ಸಾಧ್ಯತೆ ಹೆಚ್ಚು.

ನೆನಪು ಮತ್ತು ಗಡಿಯಾರ

ಕರೆಂಟು ಹೇಳದೆ ಕೇಳದೆ ಹೋದಾಗ ಮೊದಲು ಕೆಡುವುದು ಮೆಮೊರಿ ಕಾರ್ಡು. ಫ್ಲ್ಯಾಶ್‌ನಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ಇಡೀ ಒಂದು ಬ್ಲಾಕನ್ನು ಅಳಿಸಿ ಮತ್ತೆ ಬರೆಯಬೇಕು; ಕಾರ್ಡಿನೊಳಗಿನ ಪುಟ್ಟ ನಿಯಂತ್ರಕ ಈ ಕೆಲಸದ ನಡುವೆ ಇರುವಾಗ ವಿದ್ಯುತ್ತು ಕಡಿದರೆ, ಬರೆಯುತ್ತಿದ್ದ ಕಡತವಷ್ಟೇ ಅಲ್ಲ, ಪಕ್ಕದ ಕಡತಗಳೂ ಹಾಳಾಗಬಹುದು. ಪರಿಹಾರ ಅನುಭವಿಗಳಿಗೆ ಗೊತ್ತಿರುವುದೇ: ವ್ಯವಸ್ಥೆಯ ಭಾಗವನ್ನು ಓದಲಷ್ಟೇ ತೆರೆದಿಡುವುದು, ದಿನಚರಿಯ ದಾಖಲೆಗಳನ್ನು ಮೆಮೊರಿಯಲ್ಲೇ ಇಟ್ಟುಕೊಂಡು ಆಗೊಮ್ಮೆ ಈಗೊಮ್ಮೆ ಬರೆಯುವುದು, ಅಮೂಲ್ಯ ಮಾಹಿತಿಗೆ ಪ್ರತ್ಯೇಕ ಡಿಸ್ಕು. ಇದರ ಬೆಲೆ, ಕರೆಂಟು ಹೋದಾಗ ಕೊನೆಯ ಕೆಲವು ನಿಮಿಷಗಳ ದಾಖಲೆ ಮಾಯವಾಗುವುದು. ಮಳೆ ಅಳೆಯುವ ಯಂತ್ರಕ್ಕೆ ಇದು ಒಗ್ಗುತ್ತದೆ, ಅಂಗಡಿಯ ಲೆಕ್ಕಕ್ಕೆ ಒಗ್ಗುವುದಿಲ್ಲ. ಲೆಕ್ಕದ ಯಂತ್ರಕ್ಕೆ ಪುಟ್ಟದೊಂದು ಬ್ಯಾಟರಿ ಸೇರಿಸಿ, ಅದು ಬರಿದಾಗುವ ಮುನ್ನ ಕ್ರಮವಾಗಿ ಆರುವಂತೆ ಮಾಡಲೇಬೇಕು.

ಗಡಿಯಾರದ್ದು ಯಾರೂ ನೆನೆಯದ ತೊಡಕು. 2023ರಲ್ಲಿ ರಾಸ್ಪ್‌ಬೆರಿ ಪೈ 5 ಬರುವವರೆಗೆ ಆ ಸಾಲಿನ ಗಣಕಗಳಲ್ಲಿ ಆರಿದಾಗಲೂ ಓಡುವ ಗಡಿಯಾರವೇ ಇರಲಿಲ್ಲ. ಎದ್ದ ಕೂಡಲೇ ಇಂಟರ್ನೆಟ್ಟನ್ನು ಕೇಳಿ ಹೊತ್ತು ತಿಳಿಯುತ್ತಿದ್ದವು. ಕರೆಂಟಿನ ಜೊತೆ ಟವರೂ ಫೈಬರೂ ಬಿದ್ದ ದಿನ ಎದ್ದ ಯಂತ್ರ ಹಳೆಯ ತಾರೀಕಿನಲ್ಲೇ ನಿಂತಿರುತ್ತದೆ. ಮಳೆ, ಉಷ್ಣಾಂಶದ ದಾಖಲೆಗೆಲ್ಲ ತಪ್ಪು ಹೊತ್ತು ಬೀಳುತ್ತದೆ, ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ತಿರಸ್ಕೃತವಾಗುತ್ತವೆ. ನಾಣ್ಯದಷ್ಟು ಸೆಲ್ ಹಾಕಿದ ಗಡಿಯಾರದ ಚಿಪ್ ಸೇರಿಸಲು ತಗಲುವ ಖರ್ಚು ಅತ್ಯಲ್ಪ. ತಯಾರಕರು ಅದನ್ನೂ ಉಳಿಸಿದ್ದು ಸದಾ ಇಂಟರ್ನೆಟ್ ಇರುವ ಊರನ್ನು ಮನಸ್ಸಿನಲ್ಲಿಟ್ಟುಕೊಂಡು.

ಇಂಟರ್ನೆಟ್ ಇಲ್ಲದ ವೈಫೈ

2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡ ಕುಸಿದಾಗ ರಸ್ತೆ, ಕರೆಂಟು, ಫೋನು ಒಟ್ಟಿಗೇ ಕಡಿದುಹೋದವು. ಅಂಥ ಹೊತ್ತಿನಲ್ಲಿ, ಹೊರಗಿನ ಸಂಪರ್ಕವಿಲ್ಲದೆಯೂ ಊರೊಳಗೆ ಕೆಲಸ ಮಾಡುವ ಗಣಕವೇ ಈ ಜಾತಿಯ ನಿಜವಾದ ಪ್ರಯೋಜನವೆನ್ನಬೇಕು. ಪುಟ್ಟ ಗಣಕವೊಂದು ತಾನೇ ವೈಫೈ ಬಿತ್ತರಿಸಿ, ಹತ್ತಿರದ ಫೋನುಗಳಿಗೆ ತನ್ನಲ್ಲಿರುವುದನ್ನು ತೋರಿಸಬಲ್ಲದು. ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಇಡೀ ವಿಕಿಪೀಡಿಯವನ್ನು ಒಂದೇ ಕಡತವಾಗಿ ಹಿಡಿದಿಡುತ್ತದೆ. 2003ರಲ್ಲಿ ಆರಂಭವಾಗಿ ಇಂದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿರುವ ಕನ್ನಡ ವಿಕಿಪೀಡಿಯಕ್ಕೂ ಅಂಥ ಕಡತವಿದೆ, ಅಗ್ಗದ ಮೆಮೊರಿ ಕಾರ್ಡಿನಲ್ಲಿ ಹಿಡಿಸುತ್ತದೆ.

ಕನ್ನಡದ ಮಟ್ಟಿಗೆ ಈ ಏರ್ಪಾಟು ಒಂದು ಹಳೆಯ ಕಷ್ಟವನ್ನೂ ಕಳೆಯಿತು. ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಮೂಡಿಸುವ ಹೊರೆ ಸಿಂಪ್ಯೂಟರಿನ ಮೇಲಿತ್ತು. ಪರದೆಯಿಲ್ಲದ ಯಂತ್ರಕ್ಕೆ ಅದಿಲ್ಲ, ಆ ಕೆಲಸವನ್ನು ಓದುವವರ ಫೋನೇ ಮಾಡುತ್ತದೆ. ಜಾಗದ ಲೆಕ್ಕ ಮಾತ್ರ ಉಳಿದಿದೆ. ಯೂನಿಕೋಡಿನ ವಾಡಿಕೆಯ ಬರವಣಿಗೆಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್ ಆದರೆ, ಕನ್ನಡದ 'ಕ್ಷಿ' ಎಂಬುದು ಕ, ಹಲಂತ ಚಿಹ್ನೆ, ಷ, ಗುಡಿಸು ಎಂದು ನಾಲ್ಕಾಗಿ ಬಿಡಿಸಿಕೊಂಡು ಹನ್ನೆರಡು ಬೈಟ್ ಹಿಡಿಯುತ್ತದೆ. ಕುಗ್ಗಿಸಿ ಇಡುವ ವಿಧಾನಗಳು ಈ ಅಂತರವನ್ನು ಬಹುಮಟ್ಟಿಗೆ ಅಳಿಸುತ್ತವೆ, ಆದರೆ ಕುಗ್ಗಿಸಿದ್ದನ್ನು ಬಿಡಿಸಲು ಚಿಪ್ಪು ದುಡಿಯಬೇಕು.

ಕರ್ನಾಟಕದಲ್ಲಿ ಈ ದಾರಿಯಲ್ಲಿ ದೂರ ಸಾಗಿದವರಲ್ಲಿ ಬೆಂಗಳೂರಿನ ಜನಸ್ತು ಸಂಸ್ಥೆ ಮುಖ್ಯವಾದದ್ದು. ತುಮಕೂರಿನ ಬಳಿಯ ದೇವರಾಯನದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ಅದು ಸಮುದಾಯವೇ ನೋಡಿಕೊಳ್ಳುವ ವೈಫೈ ಜಾಲ ಕಟ್ಟಿ, ಊರವರ ಕಥೆ, ಹಾಡು, ತಿಳಿವಳಿಕೆಗಳನ್ನು ಅವರ ದನಿಯಲ್ಲೇ ಸ್ಥಳೀಯವಾಗಿ ಉಳಿಸುವ ಕೆಲಸ ಮಾಡಿದೆ. ಓದಲು ಬಾರದವರೂ ಕೇಳಿ, ತಮ್ಮ ಮಾತನ್ನು ಸೇರಿಸಬಹುದು. ಸಿಂಪ್ಯೂಟರ್ ತಂಡ ಕೇಳಿದ ಪ್ರಶ್ನೆಗೆ ಇಲ್ಲಿ ಬೇರೊಂದು ಉತ್ತರ ಸಿಕ್ಕಿದೆ: ಒಂದು ಯಂತ್ರವನ್ನು ಕೈಯಿಂದ ಕೈಗೆ ದಾಟಿಸುವ ಅಗತ್ಯವಿಲ್ಲ, ಅವರವರ ಫೋನು ಅವರವರ ಕೈಯಲ್ಲಿರುತ್ತದೆ.

ಆಯ್ಕೆ

ಇಂದು ಕೊಳ್ಳುವವರ ಮುಂದೆ ಎರಡು ತುದಿಗಳಿವೆ. 2021ರ ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ 512 ಎಂಬಿ ಮೆಮೊರಿಯಲ್ಲೇ ಸಂಸಾರ ಸಾಗಿಸುತ್ತದೆ, ಪುಟ್ಟ ಬ್ಯಾಟರಿಯಲ್ಲೂ ಬಹಳ ಹೊತ್ತು ನಿಲ್ಲುತ್ತದೆ, ಆದರೆ ಈಥರ್ನೆಟ್ ಕಿಂಡಿ ಇಲ್ಲ. ಪೈ 5 ಹತ್ತಾರು ಜನರಿಗೆ ಒಟ್ಟಿಗೆ ವಿಡಿಯೊ ಕೊಡಬಲ್ಲದು, ಆದರೆ ಅದಕ್ಕೆಂದೇ 5 ಆಂಪಿಯರಿನ ಅಡಾಪ್ಟರ್ ತಯಾರಾಗಿದೆ. ಪೀಳಿಗೆಯಿಂದ ಪೀಳಿಗೆಗೆ ಈ ಬೋರ್ಡುಗಳ ಹಸಿವು ಹೆಚ್ಚುತ್ತಲೇ ಬಂದಿದೆ; ಮೊದಲ ಪೈ ನಡೆಯುತ್ತಿದ್ದ ಚಾರ್ಜರು ಇಂದಿನ ಪೈಯನ್ನು ನೆಟ್ಟಗೆ ನಡೆಸಲಾರದು. ಒಂದು ಶಾಲೆಗೋ ಗ್ರಂಥಾಲಯಕ್ಕೋ ಪೈ 3 ಅಥವಾ ಪೈ 4ರ ಮಟ್ಟದ ಯಂತ್ರ ಧಾರಾಳ ಸಾಕು.

ವೇಗಕ್ಕಿಂತ ಮೊದಲು ವಿಚಾರಿಸಬೇಕಾದದ್ದು ತಂತ್ರಾಂಶದ ಆಯುಸ್ಸು. ಶೀವಾಪ್ಲಗ್ ಮುಕ್ತ ಲಿನಕ್ಸಿನ ಮುಖ್ಯ ಧಾರೆಯಲ್ಲಿ ಸೇರಿದ್ದರಿಂದ ತಯಾರಿಕೆ ನಿಂತ ಮೇಲೂ ವರ್ಷಗಟ್ಟಲೆ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಹೊಸ ಆವೃತ್ತಿಗಳು ಅದರಲ್ಲಿ ಓಡಿದವು. ಕಂಪನಿಯ ಸ್ವಂತ ಸರ್ವರಿಗೆ ಕಟ್ಟುಬಿದ್ದ ಡಬ್ಬಿಗಳು, ಆ ಸೇವೆ ನಿಂತ ದಿನವೇ ನಿರುಪಯೋಗಿಯಾಗುವ ಅಪಾಯವಿದೆ. ಶೀವಾಪ್ಲಗ್‌ನಲ್ಲಿ ಮಿನಿ ಯುಎಸ್‌ಬಿ ಕಿಂಡಿಯ ಮೂಲಕ ಸೀರಿಯಲ್ ಕನ್ಸೋಲನ್ನು ನೇರವಾಗಿ ತಲುಪಬಹುದಿತ್ತು. ಏನೇ ಕೆಟ್ಟರೂ ಒಂದು ಲ್ಯಾಪ್‌ಟಾಪು, ಒಂದು ಕೇಬಲ್ಲು ಇದ್ದರೆ ಒಳಗೆ ಇಣುಕಿ ಸರಿಪಡಿಸಬಹುದಿತ್ತು. ಪರದೆಯಿಲ್ಲದ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆ ಕಿಂಡಿಯನ್ನು ಮುಚ್ಚಿ ಮಾರುವ ಮಾದರಿಗಳನ್ನು, ಎಷ್ಟೇ ಅಗ್ಗವಾಗಿದ್ದರೂ, ಸರ್ವಿಸ್ ಸೆಂಟರಿಗೆ ಅರ್ಧ ದಿನದ ಬಸ್ ಪ್ರಯಾಣವಿರುವ ಊರಿನವರು ಕೊಳ್ಳಬಾರದು.